ಒಂದು ಟ್ರ್ಯಾಕ್ಸ್ ಮಂದಿ

ಇಂಗ್ಲಿಷ್ ಮಾತನಾಡುವವರಲ್ಲಿ ಒಂದು ರೂಢಿಯಿದೆ. ಯಾವುದಾದರೂ ವಸ್ತು ಅತ್ಯುತ್ತಮವಾಗಿದೆ ಎಂದು ಹೇಳಬೇಕಾದರೆ ಅದನ್ನು ಆ ಜಾತಿಯ 'ರೋಲ್ಸ್ ರಾಯ್ಸ್' ಎನ್ನುತ್ತಾರೆ. ಹೊಲಿಗೆ ಯಂತ್ರಗಳ ರೋಲ್ಸ್ ರಾಯ್ಸ್, ಪೆನ್ನುಗಳ ರೋಲ್ಸ್ ರಾಯ್ಸ್, ಹೀಗೆ. ಅಮೆರಿಕದವರು ಇದೇ ಕೆಲಸಕ್ಕೆ 'ಕ್ಯಾಡಿಲಾಕ್' ಎಂಬ ಹೆಸರನ್ನು ಬಳಸುತ್ತಾರೆ. ಇದಕ್ಕೆ ವಿರುದ್ಧವಾದ ಹೆಸರೂ ಅವರಲ್ಲುಂಟು. ಫೋರ್ಡ್ ಕಂಪನಿಯು ತನ್ನ ಸ್ಥಾಪಕ ಹೆನ್ರಿ ಫೋರ್ಡರ ಮಗನ ಹೆಸರಿನಲ್ಲಿ 'ಎಡ್ಸೆಲ್' ಎಂಬ ಕಾರನ್ನು 1957ರಲ್ಲಿ ಮಾರುಕಟ್ಟೆಗೆ ತಂದಿತು. ಜನ ಕೊಳ್ಳಲಿಲ್ಲ. 1959ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅಂದಿನಿಂದ ಇಂಗ್ಲಿಷಿನಲ್ಲಿ ದೊಡ್ಡ ಸೋಲಿಗೆ ಎಡ್ಸೆಲ್ ಎನ್ನುವುದುಂಟು. ತೀರಿಹೋದ ಮಗನ ನೆನಪಿಗೆಂದು ಇಟ್ಟ ಹೆಸರಿಗೆ ಬಂದ ಗತಿ ಇದು.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕನ್ನಡದಲ್ಲೂ ಗಾಡಿಗಳ ಹೆಸರುಗಳು ಧಾರಾಳವಾಗಿ ಓಡಾಡುತ್ತವೆ. ಆದರೆ ನಮ್ಮವರು ಅವುಗಳಿಂದ ಮೇಲು ಕೀಳು ಅಳೆಯುವುದಕ್ಕಿಂತ ಹೆಚ್ಚಾಗಿ ಜನರನ್ನು ಎಣಿಸುತ್ತಾರೆ. ಮದುವೆಯ ಮನೆಯಲ್ಲಿ "ಬೀಗರ ಕಡಿಂದ ಎಷ್ಟ ಮಂದಿ ಬರತಾರ?" ಎಂದು ಅಡುಗೆಯವನು ಕೇಳಿದರೆ "ಎರಡ ಟ್ರ್ಯಾಕ್ಸ್ ಮಂದಿ ಆಗತೈತಿ" ಎಂಬ ಉತ್ತರ ಬರುತ್ತದೆ. ಅಡುಗೆಯವನಿಗೆ ಅಷ್ಟು ಸಾಕು, ಅಕ್ಕಿಯ ಲೆಕ್ಕ ಹಾಕಿಬಿಡುತ್ತಾನೆ. ಒಂದು ಟ್ರ್ಯಾಕ್ಸ್ ಎಂದರೆ ಎಷ್ಟು ಜನ ಎಂದು ಮಾತ್ರ ಕೇಳಬಾರದು. ಪರ್ಮಿಟ್ಟಿನಲ್ಲಿ ಬರೆದ ಲೆಕ್ಕ ಬೇರೆ, ಹಿಂದಿನ ಏಣಿಯ ಮೇಲೆ ನಿಂತವರನ್ನೂ ಕೂಡಿಸಿದ ಲೆಕ್ಕ ಬೇರೆ. ಅಡುಗೆಯವನು ಹಿಡಿಯುವುದು ಎರಡನೆಯದನ್ನು.

ಈ ಟ್ರ್ಯಾಕ್ಸ್ ಗಾಡಿ ಬಂದದ್ದು ಬಜಾಜ್ ಟೆಂಪೋ ಕಂಪನಿಯಿಂದ. 'ಟೆಂಪೋ' ಎಂಬುದೂ ಮೂಲದಲ್ಲಿ ಜರ್ಮನಿಯ ಹ್ಯಾಂಬರ್ಗಿನ ಒಂದು ಕಂಪನಿಯ ಗಾಡಿಯ ಹೆಸರು. ಅವರ ಮೂರು ಗಾಲಿಯ ಗಾಡಿಯನ್ನು 1958ರಿಂದ ಬಜಾಜ್ ಟೆಂಪೋ ಭಾರತದಲ್ಲಿ ತಯಾರಿಸತೊಡಗಿತು. ಜರ್ಮನಿಯಲ್ಲಿ ಆ ಹೆಸರು ಎಂದೋ ಮುಗಿಯಿತು. ಇಲ್ಲಿಯ ಕಂಪನಿಯೂ 2005ರಲ್ಲಿ ಹೆಸರು ಬದಲಿಸಿ ಫೋರ್ಸ್ ಮೋಟಾರ್ಸ್ ಆಯಿತು. ಆದರೆ ಸಂತೆಗೆ ಕಾಯಿಪಲ್ಯ ತರುವವನಿಗೆ ಯಾವ ಕಂಪನಿಯ ಗಾಡಿಯಾದರೂ ಅದು ಟೆಂಪೋನೇ.

ಜೀಪಿನ ಕತೆ ಇನ್ನೂ ದೊಡ್ಡದು. ಎರಡನೆಯ ಮಹಾಯುದ್ಧದ ಈ ಗಾಡಿಯನ್ನು ಭಾರತದಲ್ಲಿ ಜೋಡಿಸಲು ಮುಂದಾದ ಸಂಸ್ಥೆ 1945ರಲ್ಲಿ ಸ್ಥಾಪನೆಯಾದಾಗ ಅದರ ಹೆಸರು 'ಮಹೀಂದ್ರ ಆ್ಯಂಡ್ ಮೊಹಮ್ಮದ್' ಎಂದಿತ್ತು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಮಹೀಂದ್ರ ಸಹೋದರರ ಜೊತೆಗಿದ್ದ ಆ ಪಾಲುದಾರ ಮಲಿಕ್ ಗುಲಾಮ್ ಮೊಹಮ್ಮದ್. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ ಆದರು. 1948ರಲ್ಲಿ ಕಂಪನಿಯ ಹೆಸರಿನಿಂದ ಮೊಹಮ್ಮದ್ ಹೋಗಿ ಇನ್ನೊಬ್ಬ ಮಹೀಂದ್ರ ಬಂದರು. ಕಬ್ಬಿಣದ ಫಲಕದ ಮೇಲೂ ವಿಭಜನೆಯ ಗೆರೆ ಬಿದ್ದಿತ್ತು. ಜೀಪ್ ಎಂಬ ಹೆಸರಿನ ಅಮೆರಿಕದ ಒಡೆಯರು ತಮ್ಮ ಗಾಡಿಯನ್ನು ಭಾರತದಲ್ಲಿ ತಾವೇ ಮಾರಲು ಬಂದದ್ದು 2016ರಲ್ಲಿ. ಅಷ್ಟರಲ್ಲಿ ನಮ್ಮ ಮೂರು ತಲೆಮಾರು ಪೊಲೀಸರ, ತಹಶೀಲ್ದಾರರ, ಗೌಡರ ಗಾಡಿಗಳನ್ನೆಲ್ಲ ಜೀಪೆಂದೇ ಕರೆದು ಮುಗಿಸಿತ್ತು.

ಇವೆಲ್ಲ ಕೇಳಲು ಚೆನ್ನಾಗಿರುವ ಸಂಗತಿಗಳು. ಆದರೆ ನಮ್ಮ ಸೀಮೆಯ ಮಾತಿನಲ್ಲಿ ಒಂದು ಗಾಡಿಯ ಹೆಸರಿದೆ, ಅದನ್ನು ಕೇಳಿದಾಗಲೆಲ್ಲ ನನ್ನ ಮನಸ್ಸು ಕಹಿಯಾಗುತ್ತದೆ.

ಹೀರೋ ಹೊಂಡಾ. ಭಾರತದ ಹೀರೋ ಮತ್ತು ಜಪಾನಿನ ಹೊಂಡಾ 1984ರಲ್ಲಿ ಕೂಡಿ ಕಟ್ಟಿದ ಕಂಪನಿ. ಮರುವರ್ಷ ಅವರ ಮೊದಲ ಮೋಟಾರ್ ಸೈಕಲ್ ಬಂತು. ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡುತ್ತಿದ್ದುದರಿಂದ ಹಳ್ಳಿಗಳಲ್ಲಿ ಬಹಳ ಬೇಗ ಹೆಸರು ಮಾಡಿತು. ಅದರಲ್ಲಿ ಗಾಡಿಯ ತಪ್ಪೇನೂ ಇಲ್ಲ. ಆದರೆ ಈ ಹೆಸರು ಮದುವೆಯ ಮಾತುಕತೆಗೆ ಬಂದು ಕುಳಿತಾಗ ಮಾಡುವ ಕೆಲಸವೇ ಬೇರೆ.

2008ರಲ್ಲಿ ಹುಕ್ಕೇರಿ ತಾಲೂಕಿನ ಹಳ್ಳಿಯೊಂದರಲ್ಲಿ ಅಂಥ ಮಾತುಕತೆಗೆ ನಾನೂ ಹೋಗಿದ್ದೆ. ಹುಡುಗಿಯ ತಂದೆ ಸಂತೆಗಳಲ್ಲಿ ಬಳೆ ಮಾರುವವರು. ಗಂಡಿನ ಕಡೆಯ ಹಿರಿಯರು ಚಹಾ ಕುಡಿದು ಬಹಳ ಸೌಜನ್ಯದಿಂದಲೇ ಹೇಳಿದರು: "ವರದಕ್ಷಿಣೆ ಗಿರದಕ್ಷಿಣೆ ನಮಗ ಬ್ಯಾಡ್ರಿ, ಅದು ಹರಾಮ್. ಹುಡುಗ ದಿನಾ ಮೂಡಲಗಿಗೆ ಅಡ್ಡಾಡತಾನ. ಒಂದ ಹೀರೋ ಹೊಂಡಾ ಆದ್ರ ಸಾಕ್ರಿ."

ಕುಳಿತವರಲ್ಲಿ ಯಾರಿಗೂ ಇದು ವರದಕ್ಷಿಣೆ ಎನಿಸಲಿಲ್ಲ. ಅಥವಾ ಎನಿಸಿದರೂ ಹೇಳಲು ಬಾಯಿರಲಿಲ್ಲ. 'ಇಷ್ಟು ಸಾವಿರ ಕೊಡಿ' ಎಂದಿದ್ದರೆ ಅದು ಹಣವಾಗುತ್ತಿತ್ತು, ಚೌಕಾಶಿಯಾಗುತ್ತಿತ್ತು. ಹೀರೋ ಹೊಂಡಾ ಎಂದಾಗ ಅದು ಹುಡುಗನ ಅನುಕೂಲವಾಗುತ್ತದೆ, ಮಗಳ ಸುಖವಾಗುತ್ತದೆ, ಅಳಿಯನ ಮೇಲಿನ ಪ್ರೀತಿಯಾಗುತ್ತದೆ. ಶೋರೂಮಿನಲ್ಲಿ ದರ ಏರಿದರೆ ವರದಕ್ಷಿಣೆಯೂ ತಾನಾಗಿ ಏರುತ್ತದೆ, ಗಂಡಿನ ಕಡೆಯವರು ಹೊಸದಾಗಿ ಬಾಯಿ ಬಿಡುವ ಅಗತ್ಯವೇ ಇಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯು ಹಣವನ್ನಷ್ಟೇ ಅಲ್ಲ, ಮದುವೆಯ ಸಂಬಂಧ ಕೊಡುವ ಬೆಲೆಬಾಳುವ ಸ್ವತ್ತನ್ನೂ ವರದಕ್ಷಿಣೆ ಎಂದೇ ಕರೆಯುತ್ತದೆ. ಅದೇ ಕಾಯ್ದೆ ಮಹ್ರ್ ಅನ್ನು, ಅಂದರೆ ನಿಕಾಹ್‌ನಲ್ಲಿ ವರನು ವಧುವಿಗೆ ಕೊಡಲೇಬೇಕಾದ ಸಂಪತ್ತನ್ನು, ವರದಕ್ಷಿಣೆಯಿಂದ ಹೊರಗಿಟ್ಟಿದೆ. ಕಾನೂನು ಬರೆದವರಿಗೆ ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿತ್ತು. ಆ ದಿನ ಚಾಪೆಯ ಮೇಲೆ ಕುಳಿತ ನಮ್ಮ ಹಿರಿಯರಿಗೂ ಗೊತ್ತಿತ್ತು. ಆ ಮದುವೆಯಲ್ಲಿ ಬರೆಸಿದ ಮಹ್ರ್ ಗಾಡಿಯ ನೋಂದಣಿ ಮತ್ತು ವಿಮೆಯ ಖರ್ಚಿಗೂ ಸಾಲುತ್ತಿರಲಿಲ್ಲ.

ಸಾಲ ಅಪ್ಪನ ಹೆಸರಿಗಾಯಿತು, ಗಾಡಿಯ ಆರ್‌ಸಿ ಅಳಿಯನ ಹೆಸರಿಗೆ. ಆ ಗಾಡಿಯ ಮೇಲೆ ಮಗಳು ತವರಿಗೆ ಬಂದದ್ದನ್ನು ನಾನು ನೋಡಿದ್ದೇನೆ. ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕುಳಿತಿದ್ದಳು, ಬುರ್ಖಾದ ಅಂಚನ್ನು ಗಾಲಿಗೆ ಸಿಗದಂತೆ ಒಂದು ಕೈಯಲ್ಲಿ ಹಿಡಿದುಕೊಂಡು. ಅವಳ ಅಪ್ಪ ಮಾತ್ರ ಬಳೆಯ ಪೆಟ್ಟಿಗೆ ಹೊತ್ತು ಸಂತೆಯಿಂದ ಸಂತೆಗೆ ಟಂಟಂ ಹತ್ತುತ್ತಿದ್ದರು.

ಇದು ಮುಸ್ಲಿಮರ ಮನೆಯ ಮಾತು ಮಾತ್ರವಲ್ಲ. ಲಿಂಗಾಯತರಲ್ಲಿ, ಕುರುಬರಲ್ಲಿ, ಮರಾಠರಲ್ಲಿ ನಡೆದ ಮಾತುಕತೆಗಳಲ್ಲೂ ಇದೇ ಹೆಸರನ್ನು ಕೇಳಿದ್ದೇನೆ. ದೇವರ ಹೆಸರು ಬೇರೆ ಬೇರೆಯಾದರೂ ಗಾಡಿಯ ಹೆಸರು ಒಂದೇ.

ಹೀರೋ ಮತ್ತು ಹೊಂಡಾ 2010ರ ಡಿಸೆಂಬರಿನಲ್ಲಿ ಬೇರೆಯಾಗಲು ನಿರ್ಧರಿಸಿದವು. 2011ರಲ್ಲಿ ಕಂಪನಿಯ ಹೆಸರು ಹೀರೋ ಮೋಟೋಕಾರ್ಪ್ ಆಯಿತು. ನಮ್ಮಲ್ಲಿ ಹಳೆಯ ಹೆಸರು ಹೋಗಲಿಲ್ಲ. 2014ರಲ್ಲಿ ಅದೇ ಬಳೆಗಾರರ ಎರಡನೆಯ ಮಗಳಿಗೆ ಗೋಕಾಕದ ಕಡೆಯಿಂದ ಸಂಬಂಧ ಬಂತು. ಮತ್ತೆ ಅದೇ ಮಾತು. ಈ ಸಲ ಅವರು ಸುಮ್ಮನೆ ತಲೆಯಾಡಿಸಲಿಲ್ಲ.

"ಆ ಹೆಸರಿನ ಗಾಡಿ ಈಗ ಬರೂದಿಲ್ಲಂತಲ್ರಿ ಭಾಯಿ," ಎಂದರು.

"ಯಾವುದಾದ್ರೂ ನಡೀತೈತ್ರಿ ಚಾಚಾ, ನಾವು ಹೆಸರಿಗೆ ಅಂದ್ವಿ," ಎಂದರು ಬಂದವರು.

ಬಳೆಗಾರರು ಆ ಸಂಬಂಧ ಮುಂದುವರಿಸಲಿಲ್ಲ. ಹಿರಿಯ ಅಳಿಯನ ಗಾಡಿಯ ಸಾಲದ ಕೊನೆಯ ಕಂತು ಕಟ್ಟಿ ಆಗಿನ್ನೂ ಒಂದು ವರ್ಷವೂ ಆಗಿರಲಿಲ್ಲ.