ಎರೆಯ ದಾರಿಯಲ್ಲಿ ಒಂದು ಸಂಜೆ

ಧಾರವಾಡ ಸೀಮೆಯ ಎರೆಯ ಹೊಲಗಳನ್ನು ಬೇಸಗೆಯಲ್ಲಿ ಮಾತ್ರ ಕಂಡವರಿಗೆ ಆ ನೆಲದ ನಿಜವಾದ ಗುಣವು ತಿಳಿಯದು. ಬಿಸಿಲಿನಲ್ಲಿ ಬಿರುಕುಬಿಟ್ಟು ಕಲ್ಲಿನಂತೆ ಬಿದ್ದಿರುವ ಮಣ್ಣೇ ಎರಡು ಮಳೆ ಕುಡಿದೊಡನೆ ಉಬ್ಬಿ, ಮಿದುವಾಗಿ, ನಡೆಯುವವರ ಕೆರವನ್ನು ಕಸಿದುಕೊಳ್ಳುತ್ತದೆ. ಅದರ ಜೇಡಿಯ ಸೂಕ್ಷ್ಮ ಪದರಗಳ ನಡುವೆ ನೀರು ಹೊಕ್ಕು ಅವನ್ನು ಹಿಗ್ಗಿಸುವುದೇ ಇದಕ್ಕೆ ಕಾರಣವು.

ಕಳೆದ ಹಿಂಗಾರಿನಲ್ಲಿ ನಾವು ನವಲಗುಂದದಾಚೆಯ ಒಂದು ಹಳ್ಳಿಗೆ ಹೋಗಬೇಕಾಯಿತು. ನಮ್ಮ ಸೋದರತ್ತೆಯವರ ಕಣ್ಣಿನ ಶಸ್ತ್ರಚಿಕಿತ್ಸೆಯು ಮರುದಿನ ಬೆಳಗ್ಗೆ ಹುಬ್ಬಳ್ಳಿಯಲ್ಲಿ ಗೊತ್ತಾಗಿತ್ತು. ಮಿತ್ರರೊಬ್ಬರ ಜೀಪಿನಲ್ಲಿ ಅವರನ್ನು ಕುಳ್ಳಿರಿಸಿಕೊಂಡು ಹೊರಡುವಷ್ಟರಲ್ಲಿ ಮಳೆ ಹಿಡಿಯಿತು. ಬೆಣ್ಣೆಹಳ್ಳವು ಏರಿದರೆ ದಾರಿಯೇ ಕಡಿಯುವುದೆಂಬ ಅವಸರದಿಂದ ಹೊಲದ ಒಳದಾರಿ ಹಿಡಿದೆವು. ತುಸು ದೂರ ಹೋಗುವಷ್ಟರಲ್ಲಿಯೇ ಗಾಲಿಗಳು ಹೂತವು.

ಮಿತ್ರರು ಸಿದ್ಧತೆಯಿಲ್ಲದೆ ಬಂದವರಲ್ಲ. ಮರಳುಗಾಡಿನ ಪ್ರವಾಸಗಳನ್ನು ಓದಿ, ಜೀಪಿನಲ್ಲಿ ಎರಡು ಉಕ್ಕಿನ ದೋಣಿತಗಡುಗಳನ್ನು ಇರಿಸಿಕೊಂಡಿದ್ದರು. ಅವುಗಳ ಕಥೆ ಸ್ವಾರಸ್ಯವಾದುದು. ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಆಂಗ್ಲ ಸೇನಾಧಿಕಾರಿಯು ಈಜಿಪ್ಟಿನಲ್ಲಿದ್ದಾಗ, ಮೊದಲ ಮಹಾಯುದ್ಧದಲ್ಲಿ ನೆಲಮನೆಗಳ ಛಾವಣಿಗೆಂದು ಮಾಡಿದ್ದ ಉಕ್ಕಿನ ದೋಣಿಗಳನ್ನು ಕೈರೋ ನಗರದ ಗುಜರಿಯಲ್ಲಿ ಕಂಡು ಕೊಂಡನು. ಹೂತ ಗಾಲಿಯ ಮುಂದೆ ಅವನ್ನು ಹಾಸಿ, ೧೯೨೯ ಮತ್ತು ೧೯೩೦ರಲ್ಲಿ ಲಿಬಿಯಾದ ಮರಳುಗಾಡಿನಲ್ಲಿ ಮೋಟಾರುಗಳನ್ನು ನಡೆಸಿದನು. ಹಗ್ಗದ ಏಣಿಗಳೂ ಅವನ ಸಾಧನಗಳಲ್ಲಿದ್ದವು.

ಆದರೆ ಮರಳು ಬೇರೆ, ಎರೆ ಬೇರೆ. ಮರಳು ತಗಡಿಗೆ ಅಂಟುವುದಿಲ್ಲ. ನಮ್ಮ ತಗಡುಗಳ ತೂತುಗಳಲ್ಲಿ ಕೆಸರು ತುಂಬಿ, ಅವು ಬೆಣ್ಣೆ ಸವರಿದ ಹಲಗೆಗಳಂತಾದವು. ಇಕ್ಕಟ್ಟಾದುದರಿಂದ ಗಾಲಿಯೊಡನೆ ತಾವೂ ಹೂತವು. ಮಿತ್ರರು ಯಂತ್ರವನ್ನು ಮತ್ತಷ್ಟು ಜೋರು ಮಾಡಿದರು. ಗಾಲಿಗಳು ಗರಗರನೆ ತಿರುಗಿ ಇನ್ನೂ ಕೆಳಗಿಳಿದವು.

ಆಗ ಚಕ್ಕಡಿ ಹೊಡೆದುಕೊಂಡು ಬಂದ ಮುದುಕ ರೈತನೊಬ್ಬನು ಎತ್ತುಗಳನ್ನು ನಿಲ್ಲಿಸಿ, “ಗಾಲಿ ತಿರುವಬ್ಯಾಡ್ರೆಪಾ. ತಿರುವಿದಷ್ಟೂ ತನ್ನ ಕುಣಿ ತಾನ ತೋಡಿಕೊಳ್ತದ” ಎಂದನು. ಚಕ್ಕಡಿಯ ಎರಡು ಮಗ್ಗುಲಿಗೆ ಕಟ್ಟಿದ್ದ ತೊಗರಿಕಟ್ಟಿಗೆಯ ತಟ್ಟಿಗಳನ್ನು ಬಿಚ್ಚಿದನು. ನಾವು ಗಾಲಿಯ ಮುಂದಿನ ಕೆಸರನ್ನು ಸಲಿಕೆಯಿಂದ ತೋಡಿ ಇಳಿಜಾರು ಮಾಡಿದೆವು. ಗಾಲಿಗಳ ಗಾಳಿಯನ್ನು ತುಸು ಬಿಟ್ಟೆವು. ತಟ್ಟಿಗಳನ್ನು ಹಿಂದಿನ ಗಾಲಿಗಳಿಗೆ ತಾಗುವಂತೆ ಹಾಸಿ ಮೇಲೆ ಗೋಣಿತಟ್ಟು ಹೊದಿಸಿದೆವು. ಹಿಂದೆ ಯಾರೂ ನಿಲ್ಲಬಾರದೆಂದು ಮುದುಕನು ಗದರಿಸಿದನು. ಜಾರಿದ ತಟ್ಟಿಯು ಬಾಣದಂತೆ ಹಿಂದಕ್ಕೆ ಚಿಮ್ಮಬಹುದಷ್ಟೆ. ಮಿತ್ರರು ಮೆಲ್ಲಗೆ ಹೊರಡಿಸಲು ಜೀಪು ನರಳುತ್ತ ಮೇಲೆದ್ದಿತು.

ನಮಗೆ ಆಗ ತಿಳಿಯಿತು: ಬೇಕಾದುದು ಬಲವಲ್ಲ, ಅಗಲ. ಸಾವಿರದೈನೂರು ಕಿಲೋ ತೂಗುವ ಗಾಡಿಯ ಒಂದೊಂದು ಗಾಲಿಯೂ ಸುಮಾರು ಮುನ್ನೂರೆಪ್ಪತ್ತೈದು ಕಿಲೋ ಭಾರವನ್ನು ಅಂಗೈಗಿಂತ ಸ್ವಲ್ಪ ಹೆಚ್ಚಾದ ಜಾಗದ ಮೇಲೆ ಊರುತ್ತದೆ. ತಟ್ಟಿಯು ಆ ಭಾರವನ್ನು ಹಂಚುತ್ತದೆ. ಅದರ ಒರಟಾದ ಕಡ್ಡಿಗಳು ಗಾಲಿಗೆ ಹಿಡಿತವನ್ನೂ ಕೊಡುತ್ತವೆ. ಬ್ಯಾಗ್ನಾಲ್ಡನ ಹಗ್ಗದ ಏಣಿಗೂ ಮುದುಕನ ತಟ್ಟಿಗೂ ತತ್ತ್ವ ಒಂದೇ.

ಮುಂದೆ ಎರಡು ಮೊಳ ಅಗಲದ ಬಸಿಗಾಲುವೆಯು ಅಡ್ಡ ಬಂದಿತು. ಚಕ್ಕಡಿಯ ಎರಡು ದಪ್ಪ ಹಲಗೆಗಳನ್ನು ಗಾಲಿಗಳ ನಡುವಣ ಅಳತೆಗೆ ಸರಿಯಾಗಿ, ಎರಡೂ ದಡಗಳಲ್ಲಿ ಒಂದೊಂದು ಗೇಣು ಚಾಚುವಂತೆ ಹಾಸಿ, ತುದಿಗಳಿಗೆ ಗೂಟ ಬಡಿದೆವು. ಅತ್ತೆಯವರನ್ನು ಕೈಹಿಡಿದು ದಾಟಿಸಿದೆವು. ಬರಿಯ ಜೀಪು ಹಲಗೆಗಳ ಮೇಲೆ ಇರುವೆಯಂತೆ ಬಂದಿತು. ತಟ್ಟಿಗಳನ್ನು ಎತ್ತುತ್ತ, ಮತ್ತೆ ಹಾಸುತ್ತ, ದೀಪ ಹಚ್ಚುವ ಹೊತ್ತಿಗೆ ಡಾಂಬರು ರಸ್ತೆ ಸೇರಿದೆವು. ಅಲ್ಲಿಯವರೆಗೂ ಹಿಂದೆಯೇ ಬಂದ ಮುದುಕನು ಹಣವನ್ನು ಮುಟ್ಟಲಿಲ್ಲ. “ಮುಂದ ಯಾರರೆ ಸಿಕ್ಕೊಂಡಿದ್ರ ಹಾಸೀರಿ” ಎಂದು ತಟ್ಟಿಗಳನ್ನೂ ನಮ್ಮಲ್ಲಿಯೇ ಬಿಟ್ಟನು.

ಶಸ್ತ್ರಚಿಕಿತ್ಸೆಯು ಸುಖವಾಗಿ ನಡೆಯಿತು. ಪಟ್ಟಿ ಬಿಚ್ಚಿದ ದಿನ ಅತ್ತೆಯವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಮೊದಲು ಕೇಳಿದ ಮಾತು ಇದು: “ಆ ಹಿರಿಯಾನ ತಟ್ಟಿ ತಿರುಗಿ ಮುಟ್ಟಿಸಿದಿರೋ ಇಲ್ಲೋ?”

ನಾವು ಮರುವಾರವೇ ಹೋಗಿ ಮುಟ್ಟಿಸಿ ಬಂದೆವು. ಅಂತಹವೇ ಎರಡನ್ನು ಹೆಣೆಯುವುದನ್ನೂ ಅವನಿಂದಲೇ ಕಲಿತೆವು.