ಘಟ್ಟದ ಕೆಳಗೆ ಸೆಟ್ಟಿಕಾರರ ಪಟ್ಟಣ

ನೆಲಮಂಗಲದಿಂದ ಕರಾವಳಿಗೆ ಹೊರಟವರು ಕುಣಿಗಲ್ ರಸ್ತೆ ಹಿಡಿದು ಶಿರಾಡಿ ಘಾಟಿ ಇಳಿಯುವುದೇ ವಾಡಿಕೆ. ಬಸರೂರಿಗೆ ಹೋಗುವವರು ಮಾತ್ರ ತುಮಕೂರು, ಶಿವಮೊಗ್ಗದ ಮೇಲೆ ನಗರಕ್ಕೆ ಹೋಗಿ ಹುಲಿಕಲ್ ಘಾಟಿಯಲ್ಲಿ ಇಳಿಯಬೇಕೆಂಬುದು ನನ್ನ ಹಟ. ದಾರಿ ಸುತ್ತು, ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆ, ನಿಜ. ಆದರೆ ನಗರವೆಂದರೆ ಹಳೆಯ ಬಿದನೂರು, ಕೆಳದಿ ಅರಸರ ರಾಜಧಾನಿ. ಮೇಲೆ ಅರಸನ ಕೋಟೆ ನೋಡಿ, ಆಮೇಲೆ ಅವನು ಕಣ್ಣಿಟ್ಟಿದ್ದ ಪೇಟೆಗೆ ಇಳಿದರೆ ಒಂದಕ್ಕೊಂದು ತಾಳೆಯಾಗುತ್ತದೆ.

ಹೊಸಂಗಡಿ, ಸಿದ್ದಾಪುರ ದಾಟಿ ಬಸರೂರಿಗೆ ಬಂದರೆ ಕಡಲೇ ಕಾಣುವುದಿಲ್ಲ! ಗದ್ದೆ, ತೆಂಗು, ವಾರಾಹಿ ಹೊಳೆ, ಅಷ್ಟೆ. ಸಮುದ್ರ ಇನ್ನೂ ಕೆಲವು ಮೈಲಿ ಪಡುವಣಕ್ಕಿದೆ. ಗಂಗೊಳ್ಳಿಯ ಹತ್ತಿರ ವಾರಾಹಿ, ಚಕ್ರಾ, ಸೌಪರ್ಣಿಕಾ ಸೇರಿ ಐದು ಹೊಳೆಗಳು ಕೂಡಿ ಕಡಲಿಗೆ ಬೀಳುತ್ತವೆ. ಆ ಅಳಿವೆಯಿಂದ ದೋಣಿಗಳು ಹೊಳೆಯಲ್ಲೇ ಒಳಗೆ ಬರುತ್ತಿದ್ದವು. ಇಲ್ಲಿಯ ಅಕ್ಕಿ ಗೋವೆಗೆ, ಹೊರ್ಮುಜ್‌ಗೆ, ಮಸ್ಕತ್ತಿಗೆ ಹೋಗುತ್ತಿತ್ತು. ಕಲ್ಲುಬಂಡೆ, ಮರಳುಗಾಡಿನ ಆ ನಾಡುಗಳು ಕೆನರಾದ ಭತ್ತವನ್ನು ನಂಬಿದ್ದವು.

ಊರು ಆಳಿದವರು ಯಾರು? ವಿಜಯನಗರದ ಅಧಿಕಾರಿಯ ಪೀಠ ಬಾರಕೂರಿನಲ್ಲಿತ್ತು. ಬಸರೂರಿನ ಶಾಸನಗಳನ್ನು ನೋಡಿದರೆ ಮೂಡುಕೇರಿ, ಪಡುವಕೇರಿಗಳ ಹಲರು ಮತ್ತು ಸೆಟ್ಟಿಕಾರರೇ, ಅಂದರೆ ವರ್ತಕರ ಕೂಟಗಳವರೇ, ಎದುರಾಗುತ್ತಾರೆ. ಕೇರಿಗೊಂದು ಕೂಟ, ಕೂಟಕ್ಕೊಂದು ಮಾತು. ಅರಸನಿಗೆ ಕಪ್ಪ ಕೊಟ್ಟು ಉಳಿದ ಕಾರುಬಾರನ್ನು ತಾವೇ ನೋಡಿಕೊಳ್ಳುತ್ತಿದ್ದ ಈ ಸೆಟ್ಟರನ್ನು ಪೋರ್ಚುಗೀಸರೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾಯಿತು. ಸ್ವಂತ ಆಡಳಿತಕ್ಕೆ ನಮ್ಮ ಹಲರು ಯಾವ ಕಾಯ್ದೆಗೂ ಕಾದವರಲ್ಲ. ಹಾಗೆಂದು ಇದನ್ನು ಪ್ರಜಾಪ್ರಭುತ್ವವೆಂದು ಹೊಗಳಲಾರೆ. ಮಾತು ನಡೆಯುತ್ತಿದ್ದುದು ಹಣವಿದ್ದವರದು.

1569ರಲ್ಲಿ ಪೋರ್ಚುಗೀಸರು ಊರಿನ ಮೇಲೆ ಬಿದ್ದು, ಹೊಳೆಯ ಕೆಳಭಾಗದಲ್ಲಿ ಕೋಟೆ ಕಟ್ಟಿದರು. ಅಂದಿನಿಂದ ಅವರ ಕಾಗದಗಳಲ್ಲಿ ಎರಡು ಬಸರೂರು: ಮೇಲಿನದು ಸೆಟ್ಟರದು, ಕೆಳಗಿನದು ಪರಂಗಿಗಳದು. ಅಕ್ಕಿಗಾಗಿ ಜಗಳ, ಅಕ್ಕಿಗಾಗಿಯೇ ರಾಜಿ. 1650ರ ದಶಕದಲ್ಲಿ ಬಿದನೂರಿನ ಶಿವಪ್ಪ ನಾಯಕ ಅವರನ್ನು ಹೊರಗಟ್ಟಿದ. 1665ರ ಫೆಬ್ರವರಿಯಲ್ಲಿ ಶಿವಾಜಿ ಮಾಲ್ವಣದಿಂದ ಹಡಗುಪಡೆಯೊಂದಿಗೆ ಬಂದು ಬಸರೂರನ್ನು ಕೊಳ್ಳೆಹೊಡೆದು, ಹಿಂದಿರುಗುವಾಗ ಗೋಕರ್ಣದಲ್ಲಿ ತೀರ್ಥಸ್ನಾನ ಮಾಡಿದನಂತೆ. ಕಡಲ ಮೇಲೆ ಇಷ್ಟು ದೂರ ಬರಬೇಕಾದರೆ ಊರಿನ ಸಿರಿಯ ಸುದ್ದಿ ಅಲ್ಲಿಯವರೆಗೆ ಮುಟ್ಟಿರಬೇಕು.

ಮಹಾಲಿಂಗೇಶ್ವರ ದೇವಸ್ಥಾನದಲ್ಲಿ ಶಾಸನಕಲ್ಲುಗಳಿವೆ. ಅವಸರ ಮಾಡದೆ ನೋಡಬೇಕು. ಕೇರಿಗಳ ಹೆಸರು ಊರವರ ಬಾಯಲ್ಲಿ ಇಂದಿಗೂ ಓಡಾಡುತ್ತದೆ. ಆಡಳಿತ ಮಾತ್ರ ಗ್ರಾಮ ಪಂಚಾಯಿತಿಯದು. ತಾಲ್ಲೂಕು ಕಚೇರಿ, ಕೋರ್ಟು, ದೊಡ್ಡ ಪೇಟೆ ಎಲ್ಲವೂ ಕುಂದಾಪುರದ ಪಾಲಾದವು. ಕೊಂಕಣ ರೈಲು ನಿಲ್ಲುವ ಮೂಡ್ಲಕಟ್ಟೆ ಬಸರೂರಿನ ಮಗ್ಗುಲಲ್ಲೇ ಇದೆ. ನಿಲ್ದಾಣದ ಹೆಸರು ಮಾತ್ರ ಕುಂದಾಪುರ.