ಮೇಗುಡಿಯ ಶಾಸನ ಮತ್ತು ಕೈಚೀಲದ ಗಣಕಯಂತ್ರ

ಪ್ರವಾಸ ಹೊರಡುವಾಗ ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು ಎಂಬುದು ಪ್ರತಿ ಕುಟುಂಬದಲ್ಲಿಯೂ ನಡೆಯುವ ಚರ್ಚೆ. ಬುತ್ತಿ, ಹೊದಿಕೆ, ಔಷಧಿಗಳ ಸಾಲಿಗೆ ಈಗ ಲ್ಯಾಪ್‌ಟಾಪ್ ಎಂಬ ಪುಟ್ಟ ಗಣಕಯಂತ್ರವೂ ಸೇರಿಕೊಂಡಿದೆ. ಪ್ರಾಚೀನ ಸ್ಮಾರಕಗಳ ಸನ್ನಿಧಿಯಲ್ಲಿ ಈ ಯಂತ್ರಕ್ಕೇನು ಕೆಲಸ ಎಂದು ಕೇಳುವವರುಂಟು. ತಂದೆಯವರೊಡನೆ ಐಹೊಳೆ, ಪಟ್ಟದಕಲ್ಲುಗಳಿಗೆ ಹೋಗಿಬಂದ ಮೇಲೆ ಆ ಪ್ರಶ್ನೆಗೆ ನನಗೆ ತೋಚಿದ ಉತ್ತರವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ತಂದೆಯವರಿಗೆ ಈಗ 81 ವರ್ಷ. ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ 34 ವರ್ಷ ಮಾಸ್ತರಿಕೆ ಮಾಡಿದವರು. ಇಮ್ಮಡಿ ಪುಲಕೇಶಿಯ ಪಾಠ ಬಂದಾಗಲೆಲ್ಲ ಐಹೊಳೆಯ ಶಾಸನವನ್ನು ಕುರಿತು ತನ್ಮಯರಾಗಿ ಹೇಳುತ್ತಿದ್ದರು. ಸಂಸಾರದ ತಾಪತ್ರಯದಲ್ಲಿ ಅದನ್ನು ಕಣ್ಣಾರೆ ಕಾಣುವ ಯೋಗ ಮಾತ್ರ ಒದಗಿರಲಿಲ್ಲ. ಈಚೆಗೆ ಅವರ ದೃಷ್ಟಿ ಮಂದವಾಗುತ್ತಿದೆ. ಕಳೆದುಹೋದುದು ಮರಳಿ ಬಾರದೆಂದು ವೈದ್ಯರು ತಿಳಿಸಿದ್ದಾರೆ. “ಕಣ್ಣು ಪೂರಾ ಹೋಗೋದ್ರಾಗ ರವಿಕೀರ್ತಿಯ ಅಕ್ಷರ ಒಮ್ಮೆ ನೋಡಬೇಕವ್ವಾ” ಎಂದು ಅವರು ಹೇಳಿದ ದಿನವೇ ನಾವು ಪ್ರಯಾಣವನ್ನು ನಿಶ್ಚಯಿಸಿದೆವು.

ರವಿಕೀರ್ತಿಯ ಶಾಸನವಿರುವುದು ಐಹೊಳೆಯ ಬೆಟ್ಟದ ಮೇಲಿನ ಮೇಗುಡಿ ಎಂಬ ಜೈನ ದೇವಾಲಯದ ಪೂರ್ವದ ಗೋಡೆಯಲ್ಲಿ. ಶಕವರ್ಷ 556, ಅಂದರೆ ಕ್ರಿ.ಶ. 634-35, ಅದರ ಕಾಲ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಉತ್ತರದ ಹರ್ಷವರ್ಧನನನ್ನು ಪುಲಕೇಶಿಯು ಸೋಲಿಸಿದ ಸಂಗತಿ ಅದರಲ್ಲಿದೆ. ತಾನು ಕಾಳಿದಾಸ, ಭಾರವಿಗಳಿಗೆ ಸಮನಾದ ಕೀರ್ತಿ ಪಡೆದವನೆಂದು ಕವಿಯು ಕೊನೆಯಲ್ಲಿ ಹೇಳಿಕೊಂಡಿದ್ದಾನೆ. ಆ ಒಂದು ಮಾತಿನಿಂದಲೇ ಕಾಳಿದಾಸನು 634ಕ್ಕಿಂತ ಈಚಿನವನಲ್ಲವೆಂದು ವಿದ್ವಾಂಸರು ನಿಶ್ಚಯಿಸಲು ಸಾಧ್ಯವಾಯಿತು.

ಬೆಟ್ಟದ ಬುಡಕ್ಕೆ ಬಂದಾಗ ತಂದೆಯವರ ಮೊಣಕಾಲುಗಳು ಒಪ್ಪಲಿಲ್ಲ. ಅವರನ್ನು ಮರದ ನೆರಳಿನಲ್ಲಿ ನನ್ನ ಯಜಮಾನರ ಬಳಿ ಕೂಡಿಸಿ ನಾನೊಬ್ಬಳೇ ಮೆಟ್ಟಿಲು ಹತ್ತಿದೆ. ಬಿಸಿಲು ಗೋಡೆಗೆ ನೇರವಾಗಿ ಬಡಿದಾಗ ಕೊರೆದ ಅಕ್ಷರಗಳು ಮಸುಕಾಗಿ ಕಾಣುತ್ತವೆ. ಸೂರ್ಯನು ಮೇಲೇರಿ, ಬೆಳಕು ಗೋಡೆಯನ್ನು ಸವರಿಕೊಂಡು ಇಳಿಯತೊಡಗಿದಾಗ ಒಂದೊಂದು ಗೀರಿನಲ್ಲಿಯೂ ನೆರಳು ತುಂಬಿ ಅಕ್ಷರಗಳು ಎದ್ದು ನಿಲ್ಲುತ್ತವೆ. ಆ ಹೊತ್ತಿಗಾಗಿ ಕಾದಿದ್ದು, ಸಾಲುಸಾಲಾಗಿ ಛಾಯಾಚಿತ್ರ ತೆಗೆದುಕೊಂಡು ಕೆಳಗಿಳಿದೆ.

ಬಿಸಿಲಿಗೆ ಲ್ಯಾಪ್‌ಟಾಪಿನ ಪರದೆ ಕಾಣದಾದಾಗ ಯಜಮಾನರು ಕೊಡೆ ಹಿಡಿದರು. ಚಿತ್ರವನ್ನು ಹಿಗ್ಗಿಸುತ್ತ ಹೋದೆ. ಒಂದು ಅಕ್ಷರವು ಅಂಗೈಯಷ್ಟಾಯಿತು. ಶಾಸನದ ಮುದ್ರಿತ ಪಾಠವನ್ನು ಯಂತ್ರದಲ್ಲಿ ತುಂಬಿಸಿಕೊಂಡು ಬಂದಿದ್ದುದರಿಂದ ಕಾಳಿದಾಸನ ಹೆಸರಿರುವ ಸ್ಥಳವನ್ನು ಗುರುತಿಸಲು ಕಷ್ಟವಾಗಲಿಲ್ಲ. ತಂದೆಯವರು ಮುಖವನ್ನು ಪರದೆಯ ಸಮೀಪಕ್ಕೆ ತಂದು, ಗಾಳಿಯಲ್ಲಿ ಬೆರಳಾಡಿಸಿ ಆ ಅಕ್ಷರಗಳನ್ನು ತಿದ್ದಿದರು. ಬಹಳ ಹೊತ್ತು ಮಾತಾಡಲಿಲ್ಲ. ಅನಂತರ, “ನಾ ಹುಡುಗರಿಗೆ ಹೇಳಿದ್ದು ಇದ$ ನೋಡವ್ವಾ” ಎಂದಷ್ಟೇ ನುಡಿದರು. ಬೆಟ್ಟವೇರಲಾರದ ಹಿರಿಯರ ಬಳಿಗೆ ಬೆಟ್ಟದ ಬರಹವನ್ನು ಇಳಿಸಿ ತಂದ ಆ ಯಂತ್ರದ ಉಪಕಾರವನ್ನು ನಾನು ಮರೆಯಲಾರೆ.

ಮರುದಿನ ಪಟ್ಟದಕಲ್ಲಿನಲ್ಲಿ ಮಾತ್ರ ಲ್ಯಾಪ್‌ಟಾಪು ಚೀಲದಲ್ಲಿಯೇ ಉಳಿಯಿತು. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ದೇಗುಲಗಳ ಸಮುಚ್ಚಯದಲ್ಲಿ ವಿರೂಪಾಕ್ಷ ದೇವಾಲಯವೇ ಹಿರಿದು. ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ್ದು. ಅದನ್ನು ನಿರ್ಮಿಸಿದ ಗುಂಡನೆಂಬ ಆಚಾರಿಯನ್ನು ಗೌರವಿಸಿದ ವಿಷಯವನ್ನೂ ಅಲ್ಲಿಯ ಶಾಸನವು ಕಾಪಾಡಿದೆ. ತಂದೆಯವರು ಮಂಟಪದ ತಂಪಿನಲ್ಲಿ ಕುಳಿತು, ಹೆಜ್ಜೆಗಳ ಸಪ್ಪಳ ಕಂಬಗಳ ನಡುವೆ ಮರುದನಿಗೊಡುವುದನ್ನು ಆಲಿಸಿದರು. ಹೊರಗೆ ಬಂದು ಮಲಪ್ರಭೆಯ ಕಡೆಯಿಂದ ಬೀಸುವ ಗಾಳಿಗೆ ಮುಖವೊಡ್ಡಿದರು. ಆ ತಂಪು, ಆ ದನಿ, ಆ ವಿಸ್ತಾರ ಯಾವ ಪರದೆಗೂ ನಿಲುಕುವಂಥದಲ್ಲ.

ಆದುದರಿಂದ ನನ್ನ ಅನುಭವದ ಮಾತು ಇಷ್ಟೆ. ಹೊರಡುವ ಮುನ್ನ ಮನೆಮಂದಿಯೆಲ್ಲ ಕೂಡಿ ಓದಿ, ಬೇಕಾದುದನ್ನು ಯಂತ್ರದಲ್ಲಿ ತುಂಬಿಕೊಳ್ಳಬೇಕು. ಕಣ್ಣಿಗೆ ಅಥವಾ ಕಾಲಿಗೆ ಶಕ್ತಿ ಸಾಲದವರಿದ್ದರೆ ಸ್ಥಳದಲ್ಲಿ ಅದನ್ನು ಅವರಿಗಾಗಿ ತೆರೆಯಬೇಕು; ಉಳಿದವರು ಮುಚ್ಚಿಡುವುದೇ ಲೇಸು. ಅಕ್ಷರ ಕಾಣಲೆಂದು ಶಾಸನಕ್ಕೆ ಸೀಮೆಸುಣ್ಣ ತಿಕ್ಕುವವರಿದ್ದಾರೆ. ಅದರಿಂದ ಕಲ್ಲಿಗೆ ಹಾನಿ. ಅದಕ್ಕಿಂತ ಓರೆಬೆಳಕಿನ ಒಂದು ಚಿತ್ರವೇ ಸಾಕು. ಕಂಡುದನ್ನು ರಾತ್ರಿ ವಸತಿಗೆ ಬಂದ ಮೇಲೆ ಬರೆದಿಡಬೇಕು, ಮುಖ್ಯವಾದುದನ್ನು ಕಾಗದದ ಮೇಲೂ ಇಳಿಸಬೇಕು. 1990ರ ದಶಕದಲ್ಲಿ ಬೇರೆ ಬೇರೆ ತಂತ್ರಾಂಶಗಳಲ್ಲಿ ಅಚ್ಚಿಸಿಟ್ಟ ಎಷ್ಟೋ ಕನ್ನಡ ಬರಹಗಳು ಇಂದಿನ ಗಣಕಗಳಲ್ಲಿ ಪರಿವರ್ತಿಸದ ಹೊರತು ಓದಲು ಬಾರವು. ರವಿಕೀರ್ತಿಯ ಅಕ್ಷರಗಳಾದರೋ ಸುಮಾರು 1,390 ವರ್ಷಗಳಿಂದ ಬಿಸಿಲು ಮಳೆಗಳಿಗೆ ಅಂಜದೆ ನಿಂತಿವೆ.

ಮನೆಯಲ್ಲಿ ಹಿರಿಯರಿದ್ದವರು ಮುಂದಿನ ರಜೆಗಾಗಿ ಕಾಯದಿರಲಿ. ಕಲ್ಲು ಕಾಯುತ್ತದೆ, ಕಣ್ಣು ಕಾಯುವುದಿಲ್ಲ.